‘ಏನು ತಿಂದೆ?’ ಎಂಬ ಪ್ರಶ್ನೆ

ತಿಂಗಳು ನಿಂತು ಏಳೋ ಎಂಟೋ ವಾರವಾದ ಹೆಂಗಸಿನ ಬಟ್ಟೆಯಲ್ಲಿ ರಕ್ತದ ಕಲೆ ಕಾಣಿಸಿತೆಂದರೆ, ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ‘ಏನು ತಿಂದೆ?’ ಎಂಬುದು, ಅದರ ಬೆನ್ನಿಗೇ ಬರುವುದು ‘ಏನು ಎತ್ತಿದೆ, ಎಲ್ಲಿ ಹೋಗಿದ್ದೆ?’ ಎಂಬುದು. ಅದೇ ಹೆಂಗಸು ಆಸ್ಪತ್ರೆಯ ತುರ್ತು ವಿಭಾಗವನ್ನು ಹೊಕ್ಕಳೆಂದರೆ ಅಲ್ಲಿಯ ಬಲ್ಲ ವೈದ್ಯರು ತಿಂಡಿತೀರ್ಥಗಳ ಗೊಡವೆಗೆ ಹೋಗದೆ, ಗರ್ಭವು ಎಲ್ಲಿದೆ, ರಕ್ತ ಎಷ್ಟು ಹೋಗಿದೆ ಎಂಬ ಎರಡನ್ನೇ ಅರಸುವರು. ಮನೆಯವರಿಗೆ ಬೇಕಾದದ್ದು ಅಪರಾಧಿ. ವೈದ್ಯರಿಗೆ ಬೇಕಾದದ್ದು ಸ್ಥಾನ. ಅಪರಾಧಿಯನ್ನು ಹುಡುಕುವುದರಲ್ಲಿ ಕಳೆದ ಮೂರು ಗಂಟೆಗಳು ಪ್ರಾಣಕ್ಕೇ ಎರವಾದುದುಂಟು.

ಬಹುಕಾಲದಿಂದ ಆರೋಪಿಯಾಗಿ ನಿಂತಿರುವುದು ಬಡಪಾಯಿ ಪರಂಗಿಹಣ್ಣು. ಅದರ ಮಗ್ಗುಲಲ್ಲಿ ಅನಾನಸು, ಎಳ್ಳು, ತುಂಬಿದ ಬಿಂದಿಗೆ, ನೆರೆಮನೆಯವಳ ಕಣ್ಣು. ಎಳೆಯ ಪರಂಗಿಕಾಯಿಯ ಸೊನೆಯು ಪ್ರಯೋಗಶಾಲೆಯಲ್ಲಿ ಇಲಿಯ ಗರ್ಭಕೋಶವನ್ನು ಸಂಕೋಚಗೊಳಿಸಿತೆಂಬುದು ನಿಜ. ಮಾಗಿದ ಹಣ್ಣಿನ ರಸದಲ್ಲಿ ಆ ಗುಣ ಕಾಣಲಿಲ್ಲವೆಂಬುದೂ ಅಷ್ಟೇ ನಿಜ. ಬಸುರೆಂದು ತಿಳಿದುಬಂದ ಮೇಲೆ ನೂರರಲ್ಲಿ 10ರಿಂದ 20 ತಾವಾಗಿಯೇ ಇಳಿದುಹೋಗುವುವು, ಬಹುಪಾಲು ಮೊದಲ 12 ವಾರಗಳಲ್ಲಿಯೇ. ಹಾಗೆ ಹೋದವುಗಳಲ್ಲಿ ಸುಮಾರು ಅರ್ಧಭಾಗಕ್ಕೆ ಕಾರಣ ಪಿಂಡದ ವರ್ಣತಂತುಗಳ ಸಂಖ್ಯೆಯಲ್ಲಿ ಆದ ಏರುಪೇರು. ಅದು ಬಿಂದಿಗೆಯನ್ನು ಮುಟ್ಟುವುದಕ್ಕೆ ವಾರಗಟ್ಟಲೆ ಮುಂಚೆ, ಅಂಡವು ಫಲಿತವಾದ ಹೊತ್ತಿನಲ್ಲಿಯೇ ನಿಶ್ಚಯವಾಗಿಹೋದ ಸಂಗತಿ.

ರಕ್ತ ಕಂಡೊಡನೆ ‘ಹೋಯಿತು’ ಎಂದು ಅಳುವವರೂ, ‘ಕಾಲು ಮೇಲೆ ಮಾಡಿ ಮಲಗು, ನಿಲ್ಲುತ್ತದೆ’ ಎನ್ನುವವರೂ ಒಂದೇ ಮನೆಯಲ್ಲಿರುವರು. ಇಬ್ಬರದೂ ಅವಸರದ ಮಾತು. ಮೊದಲ ಮೂರು ತಿಂಗಳಲ್ಲಿ ಹೆಚ್ಚುಕಡಮೆ ನಾಲ್ವರಲ್ಲಿ ಒಬ್ಬರಿಗೆ ರಕ್ತ ಕಾಣಿಸುವುದುಂಟು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಬಸುರು ಮುಂದುವರಿಯುವುದು. ಮಲಗುವುದರಿಂದ ನಿಲ್ಲದ ಗರ್ಭ ನಿಂತಿತೆಂಬುದಕ್ಕೆ ಆಧಾರವಿಲ್ಲ. ಹಿಂದೆ ಬಸುರು ಕಳೆದುಕೊಂಡು ಈಗ ಮತ್ತೆ ರಕ್ತ ಕಂಡವರಿಗೆ ಪ್ರೊಜೆಸ್ಟರಾನ್ ಔಷಧದಿಂದ ಕೊಂಚ ಪ್ರಯೋಜನವಾಗಬಹುದೆಂದು 2019ರಲ್ಲಿ ಬ್ರಿಟನ್ನಿನ ದೊಡ್ಡದೊಂದು ಪ್ರಯೋಗದಿಂದ ತೋರಿಬಂದಿತು. ಎಲ್ಲರಿಗೂ ಅದೇ ಮದ್ದೆಂದು ಅದರ ಅರ್ಥವಲ್ಲ. ಇನ್ನು ‘ಸ್ಕ್ಯಾನಿನಲ್ಲಿ ಎದೆಬಡಿತವಿಲ್ಲ’ ಎಂಬ ಮಾತು. ಯೋನಿಮಾರ್ಗದ ಸ್ಕ್ಯಾನಿನಲ್ಲಿ ಪಿಂಡದ ಉದ್ದ 7 ಮಿಲಿಮೀಟರ್ ಮುಟ್ಟಿದ್ದೂ ಬಡಿತವಿಲ್ಲದಿದ್ದರೆ ಮಾತ್ರ ಆ ತೀರ್ಪು ಸಲ್ಲುವುದು; ಅದಕ್ಕಿಂತ ಚಿಕ್ಕದಾಗಿದ್ದರೆ ವಾರ ಕಳೆದು ಮತ್ತೆ ನೋಡತಕ್ಕದ್ದು. ವೈದ್ಯರು ‘ಇನ್ನೊಂದು ವಾರ ಬಿಟ್ಟು ಬನ್ನಿ’ ಎಂದರೆ ಅದು ಹಣ ಕೀಳುವ ಉಪಾಯವೆಂದು ಸಿಡುಕುವವರು ಈ 7 ಮಿಲಿಮೀಟರನ್ನು ನೆನೆಯಬೇಕು.

ಆದರೆ ಇವೆಲ್ಲ ಗರ್ಭವು ಗರ್ಭಕೋಶದೊಳಗೇ ಇದ್ದಾಗಿನ ಮಾತು. ನೂರು ಬಸುರುಗಳಲ್ಲಿ ಒಂದೆರಡು ಹೊರಗೆ, ಬಹುಮಟ್ಟಿಗೆ ಅಂಡನಾಳದಲ್ಲಿ, ಬೇರೂರುವುವು. ನಮ್ಮ ಬಂಧುವರ್ಗದ ಹುಡುಗಿಯೊಬ್ಬಳಿಗೆ ಹಾಗಾಯಿತು. ಮುಟ್ಟು ಹದಿನೈದು ದಿನ ತಡವಾಗಿತ್ತು. ಮೂತ್ರಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದ್ದವು. ಮನೆಯವರು ಸಕ್ಕರೆ ಹಂಚಿದ್ದರು. ಒಂದು ಸಂಜೆ ಎಡಗಡೆಯ ಕಿಬ್ಬೊಟ್ಟೆಯಲ್ಲಿ ನೋವೆದ್ದಿತು. ರಕ್ತವೆಂದರೆ ನಾಲ್ಕು ಹನಿ, ಅದೂ ಕಂದುಬಣ್ಣದ್ದು. ರಾತ್ರಿಯ ಹೊತ್ತಿಗೆ ಅವಳು ಹೊಟ್ಟೆಯ ಮಾತನ್ನು ಬಿಟ್ಟು ಹೆಗಲ ತುದಿ ಸಿಡಿಯುತ್ತದೆಯೆಂದು ನರಳತೊಡಗಿದಳು. ‘ವಾಯು ಏರಿದೆ’ ಎಂದು ಅಜ್ಜಿ ಓಮಿನ ಕಷಾಯ ಕುಡಿಸಿ ಹೆಗಲಿಗೆ ಮುಲಾಮು ತಿಕ್ಕಿದರು. ಹತ್ತಿರದ ಒಂದು ಹೆರಿಗೆಮನೆಯವರು ಹನಿರಕ್ತವೆಂದು ಕೇಳಿ, ಮುಟ್ಟಿಯೂ ನೋಡದೆ, ನಾಳೆ ಹತ್ತಕ್ಕೆ ಬನ್ನಿ ಎಂದರು. ಬೆಳಗಿನ ಜಾವ ಬಚ್ಚಲಲ್ಲಿ ಅವಳು ಕುಸಿದಳು, ‘ಪಿತ್ತ’ ಎಂದರು. ಎತ್ತಿ ಕೂರಿಸಿದರೆ ತುಟಿ ಸುಣ್ಣದ ಹಾಗೆ ಬೆಳ್ಳಗಿತ್ತು. 108ಕ್ಕೆ ಕರೆ ಹೋದದ್ದು ಆಗ.

ಜಿಲ್ಲಾ ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದಾಗ ಒಳಗೆ ಒಂದೂವರೆ ಲೀಟರಿನಷ್ಟು ರಕ್ತ ನಿಂತಿತ್ತು. ಹೊರಗೆ ಹನಿ, ಒಳಗೆ ಮಡು! ರಕ್ತ ಕಡಮೆಯಾದರೆ ಅಪಾಯವೂ ಕಡಮೆ ಎಂಬುದಕ್ಕಿಂತ ಘಾತಕವಾದ ತಪ್ಪು ಕಲ್ಪನೆ ಈ ಪ್ರಕರಣದಲ್ಲಿ ಇನ್ನೊಂದಿಲ್ಲ. ಹೆಗಲಿನ ನೋವಿಗೂ ಅರ್ಥವಿತ್ತು: ನಾಳ ಒಡೆದು ಹರಿದ ರಕ್ತವು ಮೇಲೇರಿ ವಪೆಯನ್ನು ತಾಕಿದಾಗ, ವಪೆಯ ನರವೂ ಹೆಗಲ ತುದಿಯ ನರವೂ ಕುತ್ತಿಗೆಯ ಒಂದೇ ಎಡೆಯಿಂದ ಹೊರಟವಾದುದರಿಂದ, ಮೆದುಳು ಹೊಟ್ಟೆಯ ದೂರನ್ನು ಹೆಗಲಿನ ಹೆಸರಿಗೆ ಬರೆದುಕೊಳ್ಳುವುದು. ಇನ್ನೊಂದು ಮೋಸವೂ ಉಂಟು. ಹರೆಯದ ಶರೀರವು ರಕ್ತ ಸೋರುತ್ತಿದ್ದರೂ ಒತ್ತಡವನ್ನು ಬಹುಹೊತ್ತು ಹಿಡಿದಿಟ್ಟುಕೊಂಡು, ನಾಡಿಯನ್ನಷ್ಟೇ ಓಡಿಸುತ್ತ ಬಂದು, ಕೊನೆಗೊಮ್ಮೆ ಕೈಚೆಲ್ಲುವುದು, ‘ಬಿ.ಪಿ. ಸರಿಯಾಗಿದೆ’ ಎಂಬ ಒಂದೇ ಮಾತನ್ನು ನೆಚ್ಚಿ ಮನೆಗೆ ಮರಳಲಾಗದು. 1883ರಲ್ಲಿ ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಲಾಸನ್ ಟೇಟ್ ಒಡೆದ ನಾಳವನ್ನು ಕಟ್ಟಿ ತೆಗೆದು ಒಬ್ಬ ಹೆಂಗಸನ್ನು ಬದುಕಿಸುವ ತನಕ, ಹೀಗೆ ನಾಳ ಒಡೆದವರ ಮುಂದೆ ವೈದ್ಯರು ಬಹುಮಟ್ಟಿಗೆ ಕೈಕಟ್ಟಿ ನಿಲ್ಲುತ್ತಿದ್ದರು. ಈಗ ಒಡೆಯುವ ಮುನ್ನವೇ ತಿಳಿದರೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದಿನಿಂದಲೇ ಕೆಲವರಲ್ಲಿ ಕೆಲಸ ಮುಗಿಯುವುದು. ತಿಳಿಯುವ ಬಗೆ ಎರಡು: ಸ್ಕ್ಯಾನು, ಮತ್ತು 48 ಗಂಟೆಗಳ ಅಂತರದಲ್ಲಿ ಎರಡು ಬಾರಿ ತೆಗೆದ ರಕ್ತದಲ್ಲಿ ಎಚ್‌ಸಿಜಿ ಎಂಬ ಗರ್ಭದ ರಸ ಏರಿದ ಪ್ರಮಾಣ. ಮೂತ್ರದ ಪಟ್ಟಿಯ ಎರಡು ಗೆರೆ ಬಸುರುಂಟೆಂದು ಹೇಳುವುದೇ ಹೊರತು ಅದು ಎಲ್ಲಿದೆಯೆಂದು ಹೇಳಲಾರದು.

ಹಾಗಾದರೆ ಯಾವಾಗ ಓಡಬೇಕು? ಗಂಟೆಗೆ ಎರಡು ಪ್ಯಾಡು ಪೂರ್ತಿ ತೊಯ್ದು, ಅದು ಎರಡು ಗಂಟೆ ಹಾಗೆಯೇ ನಡೆದರೆ. ಒಂದೇ ಪಕ್ಕಕ್ಕೆ ಹಿಡಿದ ನೋವು, ಹೆಗಲ ನೋವು, ತಲೆಸುತ್ತು, ಜ್ವರ, ದುರ್ಗಂಧದ ಸ್ರಾವ ಕಂಡರೆ. ಬಟ್ಟೆ ಬಳಸುವವರು ತೊಯ್ದ ಬಟ್ಟೆಯನ್ನು ನಾಚಿಕೆಯಿಂದ ತೊಳೆದುಬಿಡದೆ ಹಾಗೆಯೇ ಒಯ್ದು ತೋರಿಸುವುದು ಮೇಲು. ನೂರು ಮಾತಿನಿಂದ ತಿಳಿಯದುದು ವೈದ್ಯರಿಗೆ ಅದರಿಂದ ತಿಳಿಯುವುದು.

ಗರ್ಭ ಇಳಿದುಹೋದ ಮೇಲೆ ‘ಕ್ಲೀನ್ ಮಾಡಿಸದಿದ್ದರೆ ವಿಷವಾಗುತ್ತದೆ’ ಎನ್ನುವವರುಂಟು. ಹಾಗೇನೂ ಇಲ್ಲ. ಎಲ್ಲವೂ ತಾನಾಗಿ ಹೊರಬೀಳಲೆಂದು ಕಾಯುವುದು, ಮಾತ್ರೆಯಿಂದ ಇಳಿಸುವುದು, ನಿರ್ವಾತನಳಿಕೆಯಿಂದ ಹೀರಿ ತೆಗೆಯುವುದು ಎಂದು ಮೂರು ದಾರಿಗಳಿವೆ. ರಕ್ತಸ್ರಾವ ಮಿತಿಮೀರಿದಾಗಲೂ ಸೋಂಕು ತಗಲಿದಾಗಲೂ ಮಾತ್ರ ಮೂರನೆಯದಕ್ಕೆ ತಡ ಸಲ್ಲದು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ, ವಾರಗಳನ್ನು ನೋಡಿಕೊಂಡು 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡುವುದುಂಟು; ರಕ್ತಗುಂಪು ಬರೆದಿರುವ ತಾಯಿ ಕಾರ್ಡನ್ನು ಅವಸರದಲ್ಲಿಯೂ ಮರೆಯಬಾರದು.

ಕಡೆಯ ಭಯ ಪೊಲೀಸರದು, ಮತ್ತು ಅದಕ್ಕೆ ಬೀಜ ಬಿತ್ತಿದ್ದು ಒಂದು ಶಬ್ದ. ಸುಶ್ರುತನು ನಾಲ್ಕನೆಯ ತಿಂಗಳವರೆಗಿನದನ್ನು ಗರ್ಭಸ್ರಾವವೆಂದೂ ಐದಾರನೆಯ ತಿಂಗಳಿನದನ್ನು ಗರ್ಭಪಾತವೆಂದೂ ಬೇರ್ಪಡಿಸಿದ್ದನು. ನಾವು ತಾನಾಗಿ ಹೋದುದಕ್ಕೂ ಬೇಕೆಂದು ತೆಗೆಸಿದುದಕ್ಕೂ ‘ಗರ್ಭಪಾತ’ ಎಂಬ ಒಂದೇ ಮಾತನ್ನು ಬಳಸಿ, ನೊಂದವಳನ್ನು ಕಟಕಟೆಗೆ ಹತ್ತಿಸಿದೆವು. ತಾನಾಗಿ ಬಸುರು ಇಳಿದ ಹೆಂಗಸು ಯಾವ ಅಪರಾಧವನ್ನೂ ಮಾಡಿದವಳಲ್ಲ. ಜೀವ ಉಳಿಸುವ ಚಿಕಿತ್ಸೆಗೆ ಕಾಗದಪತ್ರದ ವಿಧಿಗಳು ಅಡ್ಡಿಯಾಗಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. ಪ್ರಾಪ್ತವಯಸ್ಕಳ ಚಿಕಿತ್ಸೆಗೆ ಅವಳ ಒಪ್ಪಿಗೆಯೇ ಸಾಕು. ಗಂಡ ಊರಿಂದ ಬಂದು ರುಜು ಹಾಕಲೆಂದು ಕಾಯಬೇಕಾಗಿಲ್ಲ. ನೌಕರಿಯಲ್ಲಿರುವವಳಿಗೆ ಬಸುರು ಇಳಿದ ಮರುದಿನದಿಂದ 6 ವಾರಗಳ ಸಂಬಳಸಹಿತ ರಜೆ 1961ರ ಹೆರಿಗೆ ಸೌಲಭ್ಯ ಕಾಯಿದೆಯ ಕಾಲದಿಂದಲೂ ಉಂಟು. ನಾನು ಮೇಲೆ ಹೇಳಿದ ಹುಡುಗಿ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಹೊಟ್ಟೆಯ ಹೊಲಿಗೆ ಬಿಚ್ಚಿದ ಎರಡನೆಯ ದಿನವೇ ಹಾಜರಾಗಿ, ರಜೆಯ ಅರ್ಜಿಯಲ್ಲಿ ಕಾರಣವೆಂಬಲ್ಲಿ ‘ವಿಷಮಜ್ವರ’ ಎಂದು ಬರೆದುಕೊಟ್ಟಳು.