ಹಳೆಯ ಮೋಟಾರಿನ ಜೀರ್ಣೋದ್ಧಾರ

ಜೀರ್ಣವಾದುದನ್ನು ಮೇಲಕ್ಕೆತ್ತುವುದೇ ಜೀರ್ಣೋದ್ಧಾರ. ಶಿಥಿಲವಾದ ದೇವಾಲಯಕ್ಕೂ ಹೂಳು ತುಂಬಿದ ಕೆರೆಗೂ ನಾವು ಈ ಶಬ್ದವನ್ನು ಬಳಸುತ್ತ ಬಂದಿದ್ದೇವೆ. ಹಿತ್ತಲಿನಲ್ಲಿ ತುಕ್ಕು ಹಿಡಿದು ನಿಂತಿರುವ ಮೋಟಾರು ಕಾರಿಗೆ ಇದೇ ಶಬ್ದವನ್ನು ಅನ್ವಯಿಸಿದರೆ ಪಂಡಿತರು ನಗಬಹುದು. ಆದರೆ ಕೆಲಸದ ಕ್ರಮವನ್ನು ವಿಚಾರಿಸಿ ನೋಡಿದರೆ ಎರಡಕ್ಕೂ ಹೆಚ್ಚಿನ ಭೇದವಿಲ್ಲ. ಗೋಡೆ ಬಿರುಕುಬಿಟ್ಟಿರುವಾಗ ಗೋಪುರಕ್ಕೆ ಸುಣ್ಣ ಬಳಿದು ಏನು ಪ್ರಯೋಜನ? ತಳ ತೂತಾಗಿರುವ ಕಾರಿಗೆ ಮೇಲೆ ಬಣ್ಣ ಹೊಡೆಯುವುದೂ ಅಷ್ಟೆ.

ಹಳೆಯ ಕಾರೆಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಅನುಸರಿಸಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯವರು 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ಇದನ್ನು ತಯಾರಿಸತೊಡಗಿದರು. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆ ಕೆಲಸ ನಿಲ್ಲಿಸಿತು. ಮಂತ್ರಿಗಳನ್ನೂ ಮದುಮಕ್ಕಳನ್ನೂ ಸಮಾನವಾಗಿ ಹೊತ್ತ ಈ ಬಂಡಿ ಅನೇಕ ಮನೆಗಳಲ್ಲಿ ತಂದೆಯ ಅಥವಾ ಅಜ್ಜನ ಗುರುತಾಗಿ ಉಳಿದುಕೊಂಡಿದೆ. ಗುಜರಿಗೆ ಕೊಡಲು ಮನಸ್ಸು ಬಾರದು. ಇಟ್ಟುಕೊಂಡರೆ ದಿನೇ ದಿನೇ ಕರಗುವುದನ್ನು ನೋಡಲಾಗದು. ಅಂತಹ ಗೃಹಸ್ಥರಿಗಾಗಿ ಈ ನಾಲ್ಕು ಮಾತು.

ಮೊದಲು ಶತ್ರುವಿನ ಸ್ವರೂಪವನ್ನು ತಿಳಿಯಬೇಕು. ಕಬ್ಬಿಣಕ್ಕೆ ನೀರೂ ಗಾಳಿಯಲ್ಲಿರುವ ಆಮ್ಲಜನಕವೂ ಒಟ್ಟಿಗೆ ಸೇರಿದಾಗ ತುಕ್ಕು ಹುಟ್ಟುತ್ತದೆ. ಉಪ್ಪು ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಆದುದರಿಂದಲೇ ಮಂಗಳೂರು, ಕಾರವಾರಗಳ ಕಡಲಗಾಳಿಯಲ್ಲಿ ನಿಂತ ಕಾರು ಬಯಲುಸೀಮೆಯ ಕಾರಿಗಿಂತ ಬೇಗ ಕ್ಷಯಿಸುತ್ತದೆ. ಅಲ್ಯೂಮಿನಿಯಮ್ಮಿನ ಮೇಲೆ ಮೂಡುವ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ಸಡಿಲವಾದದ್ದು, ನೀರನ್ನು ಹೀರತಕ್ಕದ್ದು, ತಾನು ತಿಂದ ಕಬ್ಬಿಣದ ಎರಡು ಪಟ್ಟಿಗೂ ಮಿಕ್ಕ ಸ್ಥಳವನ್ನು ಆಕ್ರಮಿಸತಕ್ಕದ್ದು. ಬಣ್ಣದ ಮೇಲೆ ಸಣ್ಣ ಗುಳ್ಳೆ ಕಂಡಿತೆಂದರೆ ಅಡಿಯಲ್ಲಿ ಬಹಳಷ್ಟು ನಾಶವಾಗಿದೆಯೆಂದೇ ಅರ್ಥ.

ಇಲ್ಲಿ ಅಂಬಾಸಿಡರಿನ ವಿಶೇಷವೊಂದನ್ನು ಹೇಳಬೇಕು. ಜೀಪಿನಂತಹ ವಾಹನಗಳಲ್ಲಿ ಭಾರವನ್ನು ಹೊರುವ ಉಕ್ಕಿನ ಚೌಕಟ್ಟು ಬೇರೆ, ಮೇಲಿನ ಒಡಲು ಬೇರೆ. ಅಂಬಾಸಿಡರಿನಲ್ಲಿ ಒಡಲೇ ಚೌಕಟ್ಟು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೊಳ್ಳಾದ ಹೊಸ್ತಿಲುಗಳು, ಕಾಲಿಡುವ ನೆಲ, ಹಿಂದಿನ ಪಟ್ಟಿ ಸ್ಪ್ರಿಂಗುಗಳನ್ನು ಬಿಗಿದಿರುವ ಸ್ಥಳಗಳು—ಇವೇ ಬಂಡಿಯ ಬೆನ್ನೆಲುಬು. ತುಕ್ಕು ಮೊದಲು ಮನೆಮಾಡುವುದೂ ಇಲ್ಲಿಯೇ. ನೀರು ಹೊರಹೋಗಲೆಂದು ಬಿಟ್ಟಿರುವ ಸಣ್ಣ ರಂಧ್ರಗಳು ಕೆಸರಿನಿಂದ ಮುಚ್ಚಿಹೋಗಿ ಮಳೆಯ ನೀರು ಒಳಗೇ ನಿಲ್ಲುತ್ತದೆ.

ನಾವು ಕಂಡ ಒಂದು ಕಾರಿನ ವಿಚಾರವನ್ನು ಹೇಳುತ್ತೇವೆ. ಒಂದು ಸಂಸಾರವು ಅದನ್ನು ದುರಸ್ತಿಗೆ ಕೊಟ್ಟು, ಕನ್ನಡಿಯಂತೆ ಹೊಳೆಯುವ ಬಣ್ಣದೊಡನೆ ಹಿಂದಕ್ಕೆ ತಂದಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ್ತಿಲಿನ ಮೇಲೆ ಗುಳ್ಳೆಗಳೆದ್ದುವು. ಕೆದಕಿ ನೋಡಿದರೆ ಒಳಗೆ ಕಬ್ಬಿಣವೇ ಇಲ್ಲ! ಹಳೆಯ ವೃತ್ತಪತ್ರಿಕೆಗಳನ್ನು ತುರುಕಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ ಬಣ್ಣ ಹೊಡೆದಿದ್ದರು. ಆ ಕಾಗದದ ಹೊಸ್ತಿಲಿನ ಪಕ್ಕದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಆ ತಾಯಿ ಎಷ್ಟು ಸಲ ಘಟ್ಟ ಇಳಿದಿದ್ದಳೋ! ಆದಕಾರಣ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವವರೂ ಕ್ರಮವನ್ನು ತಿಳಿದಿರಬೇಕು.

ಆ ಕ್ರಮವಿದು. ಮೊದಲು ಪರೀಕ್ಷೆ. ಸಣ್ಣ ಸುತ್ತಿಗೆಯಿಂದ ತಳವನ್ನು ಮೆಲ್ಲನೆ ತಟ್ಟಿರಿ. ಗಟ್ಟಿ ತಗಡು ಠಣ್ಣೆನ್ನುತ್ತದೆ. ಕೊಳೆತದ್ದು ಮಂಕಾಗಿ ಸದ್ದುಮಾಡುತ್ತದೆ. ಸಂಶಯವಿದ್ದಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಿರಿ. ಒಂದು ಅಯಸ್ಕಾಂತವನ್ನು ಒಡ್ಡಿದರೆ ಪುಟ್ಟಿಯ ಕಪಟ ಬಯಲಾಗುತ್ತದೆ; ದಪ್ಪ ಪುಟ್ಟಿಯ ಮೇಲೆ ಅದು ಅಂಟದು.

ಅನಂತರ ಬಿಚ್ಚುವ ಕೆಲಸ. ಇದರಲ್ಲಿ ನಮ್ಮ ಗೃಹಿಣಿಯರ ಸಾಂಬಾರ ಡಬ್ಬಿಯೇ ಗುರು. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, ಹೆಸರು ಬರೆದು, ಚಿತ್ರ ತೆಗೆದಿಡಬೇಕು. ಬಹುಕಾಲ ನಿಂತ ಎಂಜಿನನ್ನು ಅವಸರದಿಂದ ತಿರುಗಿಸಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಆ ರಂಧ್ರಗಳಲ್ಲಿ ತೆಳ್ಳನೆಯ ಎಣ್ಣೆಯನ್ನು ಹೊಯ್ದು, ಕೆಲವು ದಿನ ಬಿಟ್ಟು, ಬಳಿಕ ಕೈಯಿಂದಲೇ ಮೆಲ್ಲಗೆ ತಿರುಗಿಸಿ ನೋಡತಕ್ಕದ್ದು.

ಹಿತ್ತಾಳೆಯ ಪಾತ್ರೆಯನ್ನು ಹುಣಸೆಹುಳಿಯಿಂದ ಬೆಳಗುವವರಿಗೆ ಹುಳಿಯು ಲೋಹದ ಮಲವನ್ನು ಕರಗಿಸುವುದೆಂದು ಗೊತ್ತೇ ಇದೆ. ಸಣ್ಣ ಭಾಗಗಳ ತುಕ್ಕನ್ನು ವಿನೆಗರಿನಲ್ಲಿ ನೆನೆಸಿ ತೆಗೆಯುವುದು ಇದೇ ತತ್ತ್ವದಿಂದ. ಇನ್ನೊಂದು ವಿಧಾನವೂ ಉಂಟು: ಬಟ್ಟೆ ಒಗೆಯುವ ಸೋಡ ಬೆರೆಸಿದ ನೀರಿನಲ್ಲಿ ಭಾಗವನ್ನು ಮುಳುಗಿಸಿ, ಬ್ಯಾಟರಿ ಚಾರ್ಜರಿನ ಋಣಧ್ರುವವನ್ನು ಅದಕ್ಕೂ, ಧನಧ್ರುವವನ್ನು ಒಂದು ಸಾಧಾರಣ ಕಬ್ಬಿಣದ ತುಂಡಿಗೂ ಜೋಡಿಸುವುದು. ತುಕ್ಕು ತಾನಾಗಿ ಸಡಿಲವಾಗುತ್ತದೆ. ಆಗ ಜಲಜನಕ ಹೊರಡುವುದರಿಂದ ಈ ಕೆಲಸ ಬೆಂಕಿಯಿಂದ ದೂರವಾಗಿ ಬಯಲಿನಲ್ಲಿಯೇ ಆಗಬೇಕು. ಅಡುಗೆಮನೆಯ ಸ್ಟೀಲು ತಟ್ಟೆಯನ್ನು ಧನಧ್ರುವಕ್ಕೆ ಎಂದಿಗೂ ಕಟ್ಟಬಾರದು; ಅದರಲ್ಲಿರುವ ಕ್ರೋಮಿಯಮ್ ನೀರನ್ನು ವಿಷವಾಗಿಸುತ್ತದೆ.

ಒಡಲಿನಲ್ಲಿ ಕೊಳೆತ ತಗಡನ್ನು ಗಟ್ಟಿ ಲೋಹ ಸಿಕ್ಕುವವರೆಗೆ ಕತ್ತರಿಸಿ ತೆಗೆದು, ಹೊಸ ತಗಡನ್ನು ವೆಲ್ಡ್ ಮಾಡಿಸಬೇಕು. ಎರಡು ಹೊಸ್ತಿಲುಗಳನ್ನೂ ಒಮ್ಮೆಗೇ ಕತ್ತರಿಸಿದರೆ ಬಂಡಿ ನಡುವಿನಲ್ಲಿ ಬಾಗಿ, ಬಾಗಿಲುಗಳು ಮತ್ತೆ ಸರಿಯಾಗಿ ಕೂಡವು. ಒಡಲಿಗೆ ಆಧಾರಗಳನ್ನು ಕೊಟ್ಟು, ಒಂದು ಪಕ್ಕ ಮುಗಿದ ಮೇಲೆ ಇನ್ನೊಂದು. ಈ ಕೆಲಸಕ್ಕೆ ಅನುಭವಿಯಾದ ಟಿಂಕರನನ್ನು ಕರೆಯುವುದೇ ವಿವೇಕ. ಬಳಿಕ ತುಕ್ಕುನಿರೋಧಕ ಪ್ರೈಮರು, ಹೊಸ್ತಿಲಿನ ಒಳಗೆ ಮೇಣದಂತಹ ಲೇಪ, ತೆರೆದ ನೀರುಗಂಡಿಗಳು. ಎಲ್ಲಕ್ಕೂ ಕೊನೆಯಲ್ಲಿ ಬಣ್ಣ.

ಮಕ್ಕಳಿರುವ ಮನೆಗಳಿಗೆ ಕೆಲವು ಎಚ್ಚರಿಕೆಗಳು ಅವಶ್ಯಕ. ಬರಿಯ ಜಾಕಿಯನ್ನು ನಂಬಿ ಕಾರಿನ ಕೆಳಗೆ ಮಲಗಕೂಡದು. ಗಟ್ಟಿಯಾದ ಉಕ್ಕಿನ ಸ್ಟ್ಯಾಂಡುಗಳಿರಬೇಕು, ಇಟ್ಟಿಗೆಗಳಲ್ಲ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯನ್ನೂ ಪೆಟ್ರೋಲಿನ ಟ್ಯಾಂಕನ್ನೂ ತೆಗೆದು ದೂರವಿಡಬೇಕು. ಹಳೆಯ ಬಣ್ಣದಲ್ಲಿ ಸೀಸವೂ ಹಳೆಯ ಬ್ರೇಕುಗಳ ಧೂಳಿನಲ್ಲಿ ಆಸ್ಬೆಸ್ಟಾಸೂ ಇರಬಹುದು; ಆದುದರಿಂದ ಒಣಗಿದ್ದನ್ನು ಉಜ್ಜದೆ, ಊದದೆ, ಒದ್ದೆಮಾಡಿ ತೆಗೆಯಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.

2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷಕ್ಕೆ ಮೀರಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ಹೊರಡಿಸಿತು. ವಾಹನವು ಮೂಲರೂಪದಲ್ಲಿಯೇ ಇರಬೇಕೆಂಬುದು ಅದರ ಮುಖ್ಯ ಷರತ್ತು. ಹೊಸ ಎಂಜಿನನ್ನು ತುರುಕಿ ಒಡಲನ್ನು ಮಾರ್ಪಡಿಸಿದವರಿಗೆ ಆ ಗೌರವ ದೊರೆಯದು. ಮೂಲರೂಪವೆಂದರೇನೆಂಬುದನ್ನು ಕಣ್ಣಾರೆ ನೋಡಬೇಕೆನ್ನುವವರು ಧರ್ಮಸ್ಥಳಕ್ಕೆ ಹೋದಾಗ ಅಲ್ಲಿಯ ಹಳೆಯ ಕಾರುಗಳ ಸಂಗ್ರಹವನ್ನು ನೋಡಿ ಬರಬಹುದು.

ಈ ಕೆಲಸಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ಭಾನುವಾರಕ್ಕೊಂದಿಷ್ಟರಂತೆ ಮಾಡಿದರೆ ಒಂದೆರಡು ವರ್ಷಗಳು ಹಿಡಿದರೂ ಆಶ್ಚರ್ಯವಿಲ್ಲ. ಅಷ್ಟರಲ್ಲಿ ಮನೆಯ ಹುಡುಗರೂ ಹುಡುಗಿಯರೂ ಒಂದು ಯಂತ್ರದ ಒಳಗನ್ನು ಅರಿತಿರುತ್ತಾರೆ. ಮುಚ್ಚಿದ ಕೊರತೆ ಬೆಳೆಯುತ್ತದೆ, ತೆರೆದು ತಿದ್ದಿದ್ದು ಬಾಳುತ್ತದೆಯೆಂಬುದನ್ನು ತಮ್ಮ ಕೈಯಿಂದಲೇ ಕಲಿತಿರುತ್ತಾರೆ. ಬಣ್ಣ ಹೇಗಿದೆಯೆಂದು ಬಂದವರು ಕೇಳಿದರೆ, ಅವರನ್ನು ಬಗ್ಗಿಸಿ ಮೊದಲು ತಳವನ್ನು ತೋರಿಸಿರಿ.