ಈಥೇನ್‌ಥಯೋಲ್

ಈಥೇನ್‌ಥಯೋಲ್ ಗಂಧಕವನ್ನೊಳಗೊಂಡ ಒಂದು ಸಾವಯವ ಸಂಯುಕ್ತ. ಇದನ್ನು ಈಥೈಲ್ ಮರ್ಕ್ಯಾಪ್ಟಾನ್ ಎಂದೂ ಕರೆಯುತ್ತಾರೆ. ವಾಸನೆಯಿಲ್ಲದ ಅಡುಗೆ ಅನಿಲದ ಸೋರಿಕೆಯನ್ನು ಮೂಗಿನಿಂದಲೇ ಗುರುತಿಸಲು ಸಾಧ್ಯವಾಗುವಂತೆ ಅನಿಲಕ್ಕೆ ಇದನ್ನು ಬೆರೆಸಲಾಗುತ್ತದೆ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ವಿಲಿಯಂ ಕ್ರಿಸ್ಟೋಫರ್ ತ್ಸೈಸ 1834ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಪಾದರಸದೊಂದಿಗೆ ಸುಲಭವಾಗಿ ಬಂಧ ಏರ್ಪಡಿಸುವ ಗುಣದಿಂದ ಮರ್ಕ್ಯಾಪ್ಟಾನ್ ಎಂಬ ಹೆಸರು ಬಂದಿದೆ.

ಗುಣಲಕ್ಷಣಗಳು

ಇದರ ಅಣುವಿನಲ್ಲಿ 2 ಇಂಗಾಲ, 6 ಜಲಜನಕ ಹಾಗೂ 1 ಗಂಧಕದ ಪರಮಾಣುಗಳಿವೆ. ರಚನೆಯಲ್ಲಿ ಇದು ಎಥನಾಲ್ ಅನ್ನು ಹೋಲುತ್ತದೆ. ಆಮ್ಲಜನಕದ ಸ್ಥಾನದಲ್ಲಿ ಗಂಧಕವಿರುತ್ತದೆ. ಅಣುಗಳ ನಡುವಿನ ಜಲಜನಕ ಬಂಧ ದುರ್ಬಲವಾಗಿರುವುದರಿಂದ, ಎಥನಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಇದು 35 ಡಿಗ್ರಿಯಲ್ಲೇ ಕುದಿಯುತ್ತದೆ. ಬಣ್ಣವಿಲ್ಲದ ಈ ದ್ರವ ನೀರಿನಲ್ಲಿ ಅಲ್ಪವಾಗಿ ಕರಗುತ್ತದೆ. ಆವಿಯು ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ. ಕೊಳೆತ ಈರುಳ್ಳಿಯಂತಹ ಇದರ ದುರ್ವಾಸನೆಯು ನೂರು ಕೋಟಿ ಭಾಗ ಗಾಳಿಯಲ್ಲಿ ಸುಮಾರು ಒಂದು ಭಾಗವಿದ್ದರೂ ತಿಳಿಯುತ್ತದೆ.

ಉಪಯೋಗಗಳು

1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್‌ನ ಶಾಲೆಯೊಂದರಲ್ಲಿ, ಯಾರ ಗಮನಕ್ಕೂ ಬಾರದೆ ಸೋರಿದ್ದ ನೈಸರ್ಗಿಕ ಅನಿಲ ಸ್ಫೋಟಿಸಿ ಸುಮಾರು 300 ಮಂದಿ ಮೃತಪಟ್ಟರು. ಇದರ ನಂತರ ಅನಿಲಕ್ಕೆ ವಾಸನೆ ಬೆರೆಸುವುದನ್ನು ಅಲ್ಲಿ ಕಡ್ಡಾಯಗೊಳಿಸಲಾಯಿತು. ಇಂದು ಈ ಉದ್ದೇಶಕ್ಕೆ ಹಲವು ಥಯೋಲ್‌ಗಳು ಬಳಕೆಯಲ್ಲಿದ್ದು, ಎಲ್‌ಪಿಜಿಗೆ ಮುಖ್ಯವಾಗಿ ಈಥೇನ್‌ಥಯೋಲ್ ಬಳಸುತ್ತಾರೆ. ಫೋರೇಟ್‌ನಂತಹ ಕೀಟನಾಶಕಗಳ ತಯಾರಿಕೆಯಲ್ಲಿಯೂ ಇದು ಕಚ್ಚಾವಸ್ತು.

ವಾಸನೆಯ ಮಿತಿಗಳು

ಹೊಸ ಅಥವಾ ತುಕ್ಕು ಹಿಡಿದ ಉಕ್ಕಿನ ತೊಟ್ಟಿಗಳಲ್ಲಿ ಈ ಸಂಯುಕ್ತವು ಲೋಹದ ಮೇಲ್ಮೈಗೆ ಅಂಟಿಕೊಂಡು ಅಥವಾ ಉತ್ಕರ್ಷಣಗೊಂಡು ವಾಸನೆ ಕುಗ್ಗಬಹುದು. ದೀರ್ಘಕಾಲ ಆಘ್ರಾಣಿಸಿದರೆ ಮೂಗು ವಾಸನೆಗೆ ಒಗ್ಗಿಹೋಗುತ್ತದೆ. ಆದ್ದರಿಂದ ವಾಸನೆ ಇಲ್ಲವೆಂದ ಮಾತ್ರಕ್ಕೆ ಸೋರಿಕೆ ಇಲ್ಲವೆಂದು ಭಾವಿಸುವಂತಿಲ್ಲ.

ಸುರಕ್ಷಿತ ನಿರ್ವಹಣೆ

ಈಥೇನ್‌ಥಯೋಲ್ ಅತಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಉರಿದಾಗ ವಿಷಕಾರಿ ಸಲ್ಫರ್ ಡೈಆಕ್ಸೈಡ್ ಉಂಟಾಗುತ್ತದೆ. ಹೆಚ್ಚು ಪ್ರಮಾಣದ ಆವಿಯಿಂದ ತಲೆನೋವು, ವಾಕರಿಕೆ ಹಾಗೂ ಕಣ್ಣಿನ ಉರಿ ಕಾಣಿಸಿಕೊಳ್ಳುತ್ತವೆ. ಇದನ್ನು ಭದ್ರವಾಗಿ ಮುಚ್ಚಿದ ಪಾತ್ರೆಗಳಲ್ಲಿ, ತಂಪಾದ ಸ್ಥಳದಲ್ಲಿ, ಕಿಡಿ ಹಾಗೂ ಉತ್ಕರ್ಷಣಕಾರಿಗಳಿಂದ ದೂರವಿಡಬೇಕು. ಮನೆಯಲ್ಲಿ ಅನಿಲದ ವಾಸನೆ ಬಂದರೆ ವಿದ್ಯುತ್ ಸ್ವಿಚ್ಚುಗಳನ್ನು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು ಹೊರಹೋಗಬೇಕು. ಭಾರತದಲ್ಲಿ ಎಲ್‌ಪಿಜಿ ಸೋರಿಕೆಯ ತುರ್ತು ದೂರವಾಣಿ ಸಂಖ್ಯೆ 1906.