ಜೌಗಿನ ಕರಿಮರ

ಬಿದ್ದ ಮರ ಮಣ್ಣಾಗುವುದು ಲೋಕದ ರೂಢಿ. ನಮ್ಮ ನಾಡಿನಲ್ಲಿ ಮಳೆಗಾಲವೆಲ್ಲ ಹೊರಗೆ ಬಿದ್ದಿದ್ದ ತೊಲೆಯೊಂದನ್ನು ಮಗುಚಿ ನೋಡಿದರೆ ಸಾಕು, ಅದರ ಹೊಟ್ಟೆಯನ್ನು ಗೆದ್ದಲು ಬರಿದುಮಾಡಿರುತ್ತದೆ. ಹೀಗಿರುವಲ್ಲಿ, ಐದು ಸಾವಿರ ವರ್ಷಗಳ ಹಿಂದೆ ಬೆಳೆದ ಮರವನ್ನು ನೆಲದಿಂದೆತ್ತಿ, ಗರಗಸದಿಂದ ಕೊಯ್ದು, ಮೇಜು ಮಾಡಿದರೆಂದು ಹೇಳಿದರೆ ಕಟ್ಟುಕಥೆಯೆನಿಸಬಹುದು. ಆದರೆ ಇದು ನಡೆದ ಸಂಗತಿ. ಅದು ಹೇಗೆ ಸಾಧ್ಯವಾಯಿತೆಂಬುದನ್ನೂ, ಆ ಕುಶಲಕಲೆಯೊಳಗೆ ಅಡಗಿರುವ ಒಂದು ಇಕ್ಕಟ್ಟನ್ನೂ ಈ ಹೊತ್ತು ವಿಚಾರಮಾಡೋಣ.

ಐರ್ಲೆಂಡು, ಸ್ಕಾಟ್ಲೆಂಡು, ಇಂಗ್ಲೆಂಡಿನ ಪೂರ್ವಭಾಗ ಮೊದಲಾದ ಶೀತಪ್ರದೇಶಗಳಲ್ಲಿ ವಿಸ್ತಾರವಾದ ಜೌಗುನೆಲಗಳುಂಟು. ಅಲ್ಲಿ ನೀರು ಬಸಿದುಹೋಗದೆ ನಿಲ್ಲುವುದರಿಂದ ಸತ್ತ ಪಾಚಿ, ಹುಲ್ಲು, ಬೇರುಗಳು ಪೂರ್ತಿಯಾಗಿ ಕೊಳೆಯದೆ ಪದರಪದರವಾಗಿ ಕೂಡುತ್ತವೆ. ಈ ಕಪ್ಪು ರಾಶಿಗೆ ಪೀಟ್ ಎಂದು ಹೆಸರು. ಇದು ವರ್ಷಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ ಬೆಳೆಯತಕ್ಕದ್ದು. ಇಟ್ಟಿಗೆಗಳಂತೆ ಕತ್ತರಿಸಿ ಒಣಗಿಸಿದರೆ ಒಲೆಗೆ ಸೌದೆಯಾಗುತ್ತದೆ.

ಹಿಂದೆ ಜೌಗು ಹಬ್ಬಿದಂತೆಲ್ಲ ಅಲ್ಲಿದ್ದ ಓಕ್, ಪೈನ್, ಯೂ ಮರಗಳು ಬೇರು ಕೊಳೆತು ಉರುಳಿ ಪೀಟಿನಲ್ಲಿ ಹೂತುಹೋದವು. ಮರವನ್ನು ತಿನ್ನುವ ಬೂಷ್ಟುಗಳಿಗೂ ಹುಳುಗಳಿಗೂ ಪ್ರಾಣವಾಯು ಬೇಕು. ನೀರು ತುಂಬಿದ ಪೀಟಿನಲ್ಲಿ ಅದು ಇಲ್ಲ. ಆದುದರಿಂದ ಮರ ಹಾಗೆಯೇ ಉಳಿಯಿತು. ಓಕ್ ಮರದಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯವುಂಟು. ನೀರಿನಲ್ಲಿ ಕರಗಿದ ಕಬ್ಬಿಣದ ಅಂಶ ಅದರೊಡನೆ ಕೂಡಿ ಮರವನ್ನು ನಿಧಾನವಾಗಿ ಕಪ್ಪುಮಾಡುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರಸಿ ಮಸಿ ಮಾಡುತ್ತಿದ್ದರಷ್ಟೆ! ಅಲ್ಲಿ ಗಳಿಗೆಯಲ್ಲಿ ಆಗುತ್ತಿದ್ದ ಕ್ರಿಯೆಯೇ ಇಲ್ಲಿ ಸಾವಿರಾರು ವರ್ಷ ನಡೆದಿದೆ. ಪೈನ್ ಮರದಲ್ಲಿ ಆ ಒಗರು ಅಷ್ಟಿಲ್ಲ. ಅದು ಕೆಂಗಂದಾಗಿಯೇ ಉಳಿಯುತ್ತದೆ.

ಐರ್ಲೆಂಡಿನ ರೈತರಿಗೆ ಈ ಮರ ಹಳೆಯ ಪರಿಚಯ. ಮುಂಜಾನೆ ಜೌಗಿನ ಮೇಲೆ ಇಬ್ಬನಿ ಬೇಗ ಆರಿದ ಜಾಗವನ್ನು ಗುರುತಿಟ್ಟು, ಉದ್ದವಾದ ಕಬ್ಬಿಣದ ಸರಳನ್ನು ಚುಚ್ಚಿ, ಕೆಳಗೆ ದಿಮ್ಮಿಯಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಓಕ್ ಮನೆಯ ತೊಲೆಯಾಗುತ್ತಿತ್ತು. ರಾಳ ತುಂಬಿದ ಪೈನ್ ಸಿಬಿರುಗಳು ಬಡವರ ಮನೆಯಲ್ಲಿ ದೀಪವಾಗಿ ಉರಿಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಮರಕ್ಕೆ ನಗರದ ಮರ್ಯಾದೆ ದೊರೆಯಿತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಡಬ್ಲಿನ್ನಿನ ಆರ್ಥರ್ ಜೋನ್ಸ್ ಎಂಬವರು ಜೌಗಿನ ಯೂ ಮರದಿಂದ ಕೆತ್ತಿಸಿದ ಪೀಠೋಪಕರಣಗಳನ್ನಿಟ್ಟರು. 1861ರಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ಶೋಕಸೂಚಕವಾದ ಕಪ್ಪು ಆಭರಣಗಳ ಬಳಕೆ ಇನ್ನೂ ಹೆಚ್ಚಿತು. ವೀಣೆಯಂತಹ ಹಾರ್ಪ್ ವಾದ್ಯ, ಮೂರೆಲೆಯ ಶಾಮ್ರಾಕ್, ಹಾಳುಗೋಪುರ ಇವುಗಳ ಆಕಾರದ ಪದಕಗಳು ಕರಿಯ ಓಕಿನಲ್ಲಿ ಮೂಡಿದವು.

ಈ ಮರದ ಕೆಲಸ ಸುಲಭವಲ್ಲ. ನೀರಿನಲ್ಲೇ ಯುಗಗಳನ್ನು ಕಳೆದ ದಿಮ್ಮಿ ಬಿಸಿಲಿಗೆ ಬಿದ್ದೊಡನೆ ಕುಗ್ಗಿ, ತಿರುಚಿಕೊಂಡು, ಸೀಳುತ್ತದೆ. ತಾಳ್ಮೆಯೇ ಇಲ್ಲಿ ಮೊದಲ ಉಪಕರಣ. 2012ರಲ್ಲಿ ಇಂಗ್ಲೆಂಡಿನ ನಾರ್‌ಫೋಕ್ ಸೀಮೆಯ ಸದರಿ ಎಂಬ ಊರಿನ ಬಳಿ, ಹೊಲವೊಂದರಲ್ಲಿ 13.2 ಮೀಟರ್ ಉದ್ದದ ಕರಿಯ ಓಕ್ ಸಿಕ್ಕಿತು. ನಾವು ಮೊದಲು ಹೇಳಿದ ಮರ ಇದೇ. ಅದನ್ನು ಉದ್ದಕ್ಕೆ 10 ಹಲಗೆಗಳಾಗಿ ಕೊಯ್ದು, ಅದಕ್ಕಾಗಿಯೇ ಕಟ್ಟಿದ ಕೋಣೆಯಲ್ಲಿ ಒಂಬತ್ತು ತಿಂಗಳು ಒಣಗಿಸಿದರು. ಅದರಿಂದಾದ ಮೇಜು 2022ರಲ್ಲಿ ಈಲಿ ಪಟ್ಟಣದ ಮಹಾದೇವಾಲಯದಲ್ಲಿ ಜನರ ಕಣ್ಣಿಗೆ ಬಿದ್ದಿತು.

ಇನ್ನು ಇಕ್ಕಟ್ಟಿನ ಮಾತು. ಜೌಗು ಕದಡದೆ ಇದ್ದುದರಿಂದ ಮರ ಉಳಿಯಿತು. ಜೌಗನ್ನು ಕದಡಿದುದರಿಂದ ಅದು ನಮಗೆ ದೊರೆಯಿತು. ಸದರಿಯ ಸುತ್ತಣ ಸೀಮೆಯನ್ನು ಹದಿನೇಳನೆಯ ಶತಮಾನದಿಂದ ನೀರು ಬಸಿದು ಬೇಸಾಯಕ್ಕೆ ತಂದರು. ಒಣಗಿದ ಪೀಟು ಕುಗ್ಗಿ, ಗಾಳಿಗೆ ಸವೆದು, ನೆಲ ಇಳಿಯಿತು. ಹೋಮ್ ಎಂಬಲ್ಲಿ 1851ರ ಸುಮಾರಿಗೆ ನೆಲಮಟ್ಟಕ್ಕೆ ಹೂಳಿದ ಕಬ್ಬಿಣದ ಕಂಬವೊಂದು ಈಗ ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಬೆಳೆಯಲಿಲ್ಲ, ಭೂಮಿ ಕರಗಿತು. ಅದರೊಡನೆ ಪೀಟಿನಲ್ಲಿ ಹುದುಗಿದ್ದ ಇಂಗಾಲವೂ ವಾಯುಮಂಡಲವನ್ನು ಸೇರಿತು. ಭೂಭಾಗದ ಶೇಕಡಾ 3ರಷ್ಟನ್ನು ಮಾತ್ರ ಆವರಿಸಿದ ಪೀಟುನೆಲಗಳು ಲೋಕದ ಎಲ್ಲ ಕಾಡುಗಳ ಮರಗಳಿಗಿಂತ ಹೆಚ್ಚು ಇಂಗಾಲವನ್ನು ಬಚ್ಚಿಟ್ಟುಕೊಂಡಿವೆ. ಈ ಕಾರಣದಿಂದಲೇ ಐರ್ಲೆಂಡಿನ ಸರಕಾರಿ ಪೀಟ್ ಸಂಸ್ಥೆಯು 2021ರಲ್ಲಿ ಪೀಟ್ ತೆಗೆಯುವುದನ್ನು ಮುಗಿಸಿದುದಾಗಿ ಸಾರಿ, ಹಳೆಯ ಜೌಗುಗಳಿಗೆ ನೀರನ್ನು ಮರಳಿಸುತ್ತಿದೆ.

ಮತ್ತೊಂದು ವಿಷಯವೂ ಉಂಟು. ಈ ದಿಮ್ಮಿಗಳ ವರ್ಷವಲಯಗಳು ಒಂದು ದಫ್ತರ. ಬೆಲ್‌ಫಾಸ್ಟಿನ ವಿದ್ವಾಂಸರು ಜರ್ಮನಿಯವರೊಡನೆ ಕೂಡಿ, ಓಕ್ ಮರಗಳ ವಲಯಗಳನ್ನು ಒಂದಕ್ಕೊಂದು ಹೊಂದಿಸಿ, 7,272 ವರ್ಷಗಳ ಅಖಂಡ ಕಾಲಗಣನೆಯನ್ನು 1984ರಲ್ಲಿ ಪ್ರಕಟಿಸಿದರು. ಬರ ಯಾವಾಗ, ಚಳಿ ಯಾವಾಗ ಎಂಬುದನ್ನು ಊಹಿಸಲು ಈ ಲೆಕ್ಕ ನೆರವಾಗುತ್ತದೆ. ಪರೀಕ್ಷೆಗೆ ಮೊದಲೇ ಉಳಿಗೆ ಸಿಕ್ಕಿದ ದಿಮ್ಮಿ ಓದದೆ ಹರಿದ ಕಡತದಂತೆ.

ಹಾಗಾದರೆ ಈ ಕಲೆ ಬೇಡವೆ? ನಮ್ಮ ಅಭಿಪ್ರಾಯ ಹಾಗಲ್ಲ. ನೇಗಿಲು ಎತ್ತಿದ ಮರ ಬಯಲಿನಲ್ಲಿ ಬಿದ್ದರೆ ಕೆಲವೇ ವರ್ಷಗಳಲ್ಲಿ ಹಾಳಾಗುವುದು. ಮೊದಲು ಅದರ ಒಂದು ತುಂಡು ವಿದ್ವಾಂಸರ ಕೈಗೆ ಹೋಗಲಿ. ಉಳಿದುದು ಒಳ್ಳೆಯ ಬಡಗಿಯ ಕೈಗೆ ಬರಲಿ. ಆದರೆ ಮರಕ್ಕಾಗಿ ಜೌಗನ್ನು ಅಗೆಯುವುದು ಬೇಡ. ಐದು ಸಾವಿರ ವರ್ಷ ಕಾಪಾಡಿದ ನೆಲಕ್ಕೆ ನಾವು ಮಾಡಬಹುದಾದ ಉಪಕಾರವೆಂದರೆ, ಅದನ್ನು ಅದರ ನೀರಿನೊಡನೆ ಬಿಟ್ಟುಬಿಡುವುದೇ.